ಅವಳ ಬದಲು ನಾನು ಕೊಟ್ಟ ಉತ್ತರ

ಸವಿತಾಳ ಅಪ್ಪನವರಿಗೆ,

ನೀವು ಹೋಗಿ ಎರಡು ವರ್ಷವಾಯಿತು. ಬರೆದು ತಿಳಿಸುವಂಥ ಸುದ್ದಿ ಇಷ್ಟು ದಿನ ಇರಲಿಲ್ಲ. ಈಗ ಇದೆ. ಸವಿತಾಳ ಕಾಯಿಲೆ ಮರಳಿ ಬಂದಿದೆ. ನಾಲ್ಕು ವರ್ಷದ ಕೂಸಾಗಿದ್ದಾಗ ಮಂಗಳೂರಿನಲ್ಲಿ ಎಡಗಡೆಯ ಕಿಡ್ನಿಯ ಜೊತೆಗೇ ತೆಗೆಸಿದೆವಲ್ಲ, ಅದೇ ಗಡ್ಡೆ. ಇಪ್ಪತ್ತೆರಡು ವರ್ಷದ ಮೇಲೆ ಶ್ವಾಸಕೋಶದಲ್ಲಿ ಕಂಡಿದೆ. ಇಷ್ಟು ತಡವಾಗಿ ಬರುವುದು ಬಹಳ ಅಪರೂಪವಂತೆ. ಅಪರೂಪ ಎಂದರೆ ನಮ್ಮ ಮನೆಗೆ ಬರುವುದಿಲ್ಲ ಎಂದು ಅರ್ಥವೇ?

ನೆನಪಿದೆಯೇ, ಶಿವಮೊಗ್ಗದವರು ಹೆಣ್ಣು ನೋಡಿ ಹೋದ ಸಂಜೆ ಭದ್ರಾವತಿಯ ಮನೆಯ ಮೆಟ್ಟಿಲ ಮೇಲೆ ಕೂತು, "ಹೇಳಿಬಿಡೋಣ ಕಣೆ. ವಾಸಿಯಾದ ಕಾಯಿಲೆ, ಕದ್ದ ಮಾಲಲ್ಲ" ಅಂದಿರಿ. ನಾನು ನಿಮ್ಮ ಕೈಯನ್ನು ಅವಳ ತಲೆಯ ಮೇಲಿಡಿಸಿ ಆಣೆ ಮಾಡಿಸಿದೆ. ಹೊಟ್ಟೆಯ ಮೇಲಿನ ಗಾಯದ ಗುರುತಿಗೆ ಹರ್ನಿಯಾ ಎಂದು ಹೆಸರು ಕೊಟ್ಟೆ, ಅವಳಿಗೂ ಹಾಗೇ ಹೇಳಲು ಕಲಿಸಿದೆ. ನೀವು ಕಡೆಯವರೆಗೂ ಬಾಯಿ ಬಿಡಲಿಲ್ಲ. ಆಣೆ ಮುರಿದರೆ ಮಗಳಿಗೆ ತಟ್ಟುತ್ತದೆ ಎಂದು ತಾನೇ?

ಯುಗಾದಿ ಕಳೆದ ಮೇಲೆ ಅವಳಿಗೆ ಒಣಕೆಮ್ಮು ಹಿಡಿಯಿತು. ಅವಳ ಅತ್ತೆ ಫೋನ್ ಮಾಡಿದರು, ಬಸ್ಸು ಹತ್ತಿ ಹೋದೆ. ಅತ್ತೆ, ಸೊಸೆ, ನಾನು, ಮೂವರೂ ಡಾಕ್ಟರ ಮುಂದೆ ಕೂತೆವು. ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ ಎಂದು ಅವರು ಕೇಳಿದ್ದು ಸವಿತಾಳನ್ನು. ಉತ್ತರ ಕೊಟ್ಟದ್ದು ನಾನು. "ಒಂದು ಹರ್ನಿಯಾ ಬಿಟ್ರೆ ಏನಿಲ್ಲ ಡಾಕ್ಟ್ರೇ. ನಮ್ಮನೇಲಿ ಎಲ್ಲರೂ ಗಟ್ಟಿ." ಅವಳು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ನಾನು ಮಾತಾಡಿದ ಮೇಲೆ ಇನ್ನೊಬ್ಬರು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಎಲ್ಲಿತ್ತು? ಕೆಮ್ಮಿನ ಔಷಧಿಯಲ್ಲೇ ಎರಡು ತಿಂಗಳು ಹೋಯಿತು. ಆ ಎರಡು ತಿಂಗಳು...

ಎಕ್ಸ್‌ರೇ ಹಿಡಿದು ಡಾಕ್ಟರು ಮತ್ತೆ ಅದನ್ನೇ ಕೇಳಿದ ದಿನ ಎಲ್ಲವನ್ನೂ ಹೇಳಿದೆ, ಬೀಗಿತ್ತಿಯ ಎದುರಿಗೇ. ಆಕೆ ಕೂಗಾಡುತ್ತಾರೆ ಎಂದು ಸೆರಗು ಬಿಗಿದುಕೊಂಡು ಕಾದಿದ್ದೆ. ಆಕೆ ಸವಿತಾಳ ಬೆನ್ನು ನೀವುತ್ತಾ, "ಅವತ್ತೇ ಹೇಳಿದ್ರೆ ಜಗಳ ಆಡ್ತಿದ್ವಿ ಬೀಗ್ರೇ. ಆಡಿ ಸುಮ್ನಾಗ್ತಿದ್ವಿ. ಅಷ್ಟೇ ಅಲ್ವಾ?" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಕಣ್ರೀ.

ಸೋಮವಾರದಿಂದ ಕೀಮೋ. ಗುಣವಾಗುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ನೀವಿರುವ ಕಡೆಗೆ ಅವಳೇನಾದರೂ ಬಂದರೆ... ಬೇಡ, ಬಾಗಿಲು ತೆಗೆಯಬೇಡಿ. ನಿಮ್ಮನ್ನು ಎಂದೂ ಏನನ್ನೂ ಬೇಡದವಳು ಬೇಡುತ್ತಿದ್ದೇನೆ.

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಒಳಗೆ ಕರೆದಾಗ ನಾನೂ ಎದ್ದೆ. "ನೀನು ಇಲ್ಲೇ ಕೂತ್ಕೋ ಅಮ್ಮ. ನಾನೇ ಹೇಳ್ತೀನಿ" ಅಂದಳು. ಅವಳು ನನಗೆ ಎದುರು ಹೇಳಿದ್ದು ಅದೇ ಮೊದಲು. ಹೊರಗಿನ ಬೆಂಚಿನ ಮೇಲೆ ಕೂತೆ. ಇನ್ನು ಮುಂದೆಯೂ ಅಲ್ಲೇ ಕೂರುತ್ತೇನೆ.