ಭಾನುವಾರದ ಪ್ಯಾಸೇಜು

೯-೮-೮೧, ಭಾನುವಾರ, ಸಂಜೆ

ಬೆಳಿಗ್ಗೆ ಏಳು ಗಂಟೆ ಬಸ್ಸು ತಪ್ಪಿತು. ಆಮೇಲಿಂದು ಸಿಕ್ತು. ನರಸೀಪುರದಿಂದ ನಂಜನಗೂಡಿನ ತನಕ ನಿಂತೇ ಹೋದೆ. ಜಲಜಮ್ಮ ಮಿಸ್ ಜಗಲಿ ಮೇಲೆ ಕೂತು ಕಾಯ್ತಿದ್ರು. ‘ಲೇಟ್’ ಅಂದ್ರು. ಅಷ್ಟೇ. ಮೂವತ್ತು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ, ಕೈ ಕಟ್ಕೊಂಡು ನಿಂತುಬಿಟ್ಟೆ.

ಇವತ್ತಿನ ಪ್ಯಾಸೇಜು, ಓದಿ ಪ್ರಶ್ನೆಗೆ ಉತ್ತರ ಬರೆಯೋದು, ಲೈಟ್‌ಹೌಸ್ ಮೇಲೆ. ನಾನು ಕರೆಂಟು ಹಾಕಿಸಿರೋ ಮನೆ ಅಂದ್ಕೊಂಡೆ. ಹಾಗೇ ಬರೆದೆ. ಮಿಸ್ ನಗಲಿಲ್ಲ. “ಸಮುದ್ರ ನೋಡಿದ್ದೀಯಾ?” ಇಲ್ಲ ಮಿಸ್. “ನಾನೂ ನೋಡಿಲ್ಲ. ಆದ್ರೆ ಇಲ್ಲಿ ಶಿಪ್ ಅಂತ ಎಷ್ಟು ಸಲ ಇದೆ ನೋಡು. ಮನೆ ಮುಂದೆ ಹಡಗು ಯಾಕೆ ಬರುತ್ತೆ? ಅಷ್ಟು ಯೋಚನೆ ಮಾಡಬಾರದಾ?”

ಹದಿಮೂರು ವರ್ಷದ ಹಿಂದೆ ಇದೇ ಇಂಗ್ಲಿಷಲ್ಲಿ ಎಸ್ಸೆಸ್ಸೆಲ್ಸಿ ಫೇಲಾದೆ. ಬೇರೆಲ್ಲ ಪಾಸು. ಇನ್ನೊಂದು ಸಲ ಕೂರ್ತೀನಿ ಅಂದಾಗ ಅಪ್ಪ ಆಗಲೇ ಗಂಡು ನೋಡಿದ್ರು. ಈಗ ಅಂಗನವಾಡಿ ಟೀಚರು. ಎಸ್ಸೆಸ್ಸೆಲ್ಸಿ ಪಾಸಾದವರು ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಬಹುದು ಅಂತ ಮೀಟಿಂಗಲ್ಲಿ ಹೇಳಿದ್ರು. ಅದೇ ವಾರ ಯಾರದೋ ಮದುವೆಗೆ ಅಂತ ನಂಜನಗೂಡಿಗೆ ಹೋಗಿದ್ದೆ. ತರಕಾರಿ ಬೀದಿಯಲ್ಲಿ, ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟಿದ್ದ ಮಿಸ್ ಸಿಕ್ಕಿಬಿಟ್ರು. ರಿಟೈರಾಗಿದ್ದಾರೆ. ತಲೆ ಪೂರ್ತಿ ಬಿಳಿ. ಅದೇ ಕಪ್ಪು ಕೊಡೆ.

“ಕವಲಂದೆ ಪುಟ್ಟಬಸಮ್ಮ ಅಲ್ವಾ?” ಅಂದ್ರು. ಆ ಹೆಸರಲ್ಲಿ ನನ್ನ ಯಾರೂ ಕರೆದಿರಲಿಲ್ಲ ಇಷ್ಟು ವರ್ಷ. ಪರೀಕ್ಷೆ ವಿಷಯ ಹೇಳಿದ್ದಕ್ಕೆ, ಭಾನುವಾರ ಭಾನುವಾರ ಬಾ ಅಂದ್ರು.

೧೬-೮-೮೧, ಭಾನುವಾರ

ಬಸ್ಸಲ್ಲಿ ಕಿಟಕಿ ಸೀಟು. ಸುಮ್ಮನೆ ಕೂತಿದ್ದಕ್ಕೆ ಹಳೇದೆಲ್ಲ ನೆನಪಾಯ್ತು.

ಆಗ ಕವಲಂದೆಯಿಂದ ನಂಜನಗೂಡಿಗೆ ರೈಲು. ಇದ್ದಿಲ ಹೊಗೆ, ಬಿಳಿ ಲಂಗಕ್ಕೆಲ್ಲ ಕಪ್ಪು ಚುಕ್ಕಿ. ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಸ್ಟೇಷನ್ನಿಂದ ಸ್ಕೂಲಿಗೆ ಓಡೋದು. ರೈಲು ಲೇಟಾದ್ರೆ ಮಿಸ್ ಪಾಠ ಶುರು ಮಾಡಿರೋರು. ಆದ್ರೆ ನಾವು ಒಳಗೆ ಬಂದ ಮೇಲೆ, ಯಾರಿಗೂ ಏನೂ ಹೇಳದೆ, ಮೊದಲ ಸಾಲಿಂದ ಮತ್ತೆ ಓದೋರು. ಪೇಟೆ ಹುಡುಗಿಯರು ಗೊಣಗೋರು. ಮಿಸ್ ಉಡೋದು ಗಂಜಿ ಹಾಕಿದ ಕಾಟನ್ ಸೀರೆ. ಬೋರ್ಡಿನ ಕಡೆ ತಿರುಗಿದ್ರೆ ಸೀರೆ ಕಾಗದದ ಥರ ಸದ್ದು ಮಾಡೋದು.

ಈಗಿನ ಸೀರೆಗೆ ಗಂಜಿ ಇಲ್ಲ.

೬-೯-೮೧, ಭಾನುವಾರ

ಎತ್ತಿನ ಪ್ಯಾಸೇಜು. ರೈತ ಯಾಕೆ ಅತ್ತ ಅಂತ ಪ್ರಶ್ನೆ. ಎತ್ತು ಸತ್ತೋಯ್ತು, ಉಳೋಕೆ ಕಷ್ಟ, ಅದಕ್ಕೆ ಅತ್ತ ಅಂತ ಬರೆದೆ. ಮಿಸ್ ಕನ್ನಡಕ ಸರಿ ಮಾಡ್ಕೊಂಡ್ರು.

“ಇಲ್ಲಿ ಎತ್ತು ಕುಂಟಿತು ಅಂತ ಇದೆ. ಸತ್ತಿದ್ದು ಎಲ್ಲಿದೆ?”

“ಇಲ್ಲ ಮಿಸ್.”

“ಹಾಗಾದ್ರೆ ನೀನೇ ಕೊಂದೆ.”

ಇಬ್ಬರೂ ನಕ್ಕುಬಿಟ್ವಿ. ಆಗ ಕ್ಲಾಸಲ್ಲಿ ಮಿಸ್ ನಕ್ಕಿದ್ದು ಒಂದು ಸಲವೂ ನೋಡಿಲ್ಲ. “ನಿಮ್ಮ ಹಟ್ಟೀಲಿ ಏನಾಯ್ತು ಅಂತ ಎಕ್ಸಾಮಿನರ್‌ಗೆ ಬೇಕಿಲ್ಲ. ಬರೆದವನು ಏನು ಹೇಳಿದ್ದಾನೆ ಅದನ್ನ ಕೇಳಿಸ್ಕೋ ಮೊದಲು.”

ನಮ್ಮ ಮನೇಲಿ ಒಂದು ಎತ್ತು ಸತ್ತಿತ್ತು, ಮಿಸ್. ಅಪ್ಪ ಅತ್ತಿದ್ದು ನೋಡಿದ್ದೆ. ಹೇಳಲಿಲ್ಲ.

ಮಿಸ್ ಅವರ ತಮ್ಮನ ಹೆಂಡತಿ ಚಂಪಕ ಅವರು ಕಾಫಿ ಕೊಟ್ರು. ಮಿಸ್ ಮದುವೆ ಆಗಲಿಲ್ಲ. ತಮ್ಮ ಚಕ್ರಪಾಣಿ ಅವರ ಮನೇಲೇ ಇರೋದು.

೧-೧೧-೮೧, ಭಾನುವಾರ

ದೀಪಾವಳಿ ಗಲಾಟೆಯಲ್ಲಿ ಬರೆಯೋಕೆ ಆಗಿರಲಿಲ್ಲ. ಇವತ್ತು ಹೋದೆ. ಮಿಸ್ ಲೈಟ್‌ಹೌಸ್ ಪ್ಯಾಸೇಜು ತೆಗೆದ್ರು. ರಿವಿಜನ್ ಇರಬೇಕು ಅಂದ್ಕೊಂಡೆ. ಎಲ್ಲಾ ಸರಿ ಬರೆದೆ. ಸಂತೋಷಪಟ್ರು. “ಹೊಸ ಪ್ಯಾಸೇಜು, ಒಂದೇ ಸಲಕ್ಕೆ. ಶಭಾಷ್” ಅಂದ್ರು. “ಸಮುದ್ರ ನೋಡಿದ್ದೀಯಾ?” ಅಂದ್ರು.

ಇಲ್ಲ ಮಿಸ್ ಅಂದೆ.

“ನಾನೂ ನೋಡಿಲ್ಲ” ಅಂದ್ರು.

ಬಸ್ಸಲ್ಲಿ ಬರ್ತಾ ನೋಟ್‌ಬುಕ್ಕಲ್ಲಿ ಆಗಸ್ಟಿನ ಪುಟ ತೆಗೆದು ನೋಡಿದೆ.

೨೨-೧೧-೮೧, ಭಾನುವಾರ

ಮತ್ತೆ ಲೈಟ್‌ಹೌಸ್.

ಹೊರಡುವಾಗ ಚಂಪಕ ಅವರು ಬೀದಿ ಕೊನೆ ತನಕ ಬಂದ್ರು. ಕೈಯಲ್ಲಿ ಖಾಲಿ ಕೊಡ, ನಲ್ಲಿ ನೆಪ.

“ನಿಮಗೆ ಗೊತ್ತಾಗಿದೆ ಅಲ್ವಾ ಪುಟ್ಟಬಸಮ್ಮ?”

ಹೂಂ ಅಂದೆ.

“ಮೊನ್ನೆ ಬೆಳಿಗ್ಗೆ ಸ್ನಾನ ಮಾಡಿ, ಕೊಡೆ ಹಿಡ್ಕೊಂಡು ಹೊರಟುಬಿಟ್ರು. ಹೊಳೆ ಹತ್ತಿರ ಸಿಕ್ಕಿದ್ರು ಇವರಿಗೆ. ಫಸ್ಟ್ ಪೀರಿಯಡ್ ಇದೆ ಬಿಡೋ ಅಂದ್ರಂತೆ. ಮೈಸೂರಲ್ಲಿ ಡಾಕ್ಟರಿಗೆ ತೋರಿಸಿದ್ವಿ. ವಯಸ್ಸಾಯ್ತು, ಇದಕ್ಕೆ ಔಷಧಿ ಇಲ್ಲ ಅಂದ್ರು.” ಖಾಲಿ ಕೊಡ ಸೊಂಟಕ್ಕೆ ಏರಿಸ್ಕೊಂಡ್ರು. “ನೀವು ಬರೋದು ಬಿಡಬೇಡಿ ಅನ್ನೋಕೆ ನನಗೆ ಮುಖ ಇಲ್ಲ. ನಿಮ್ಮ ಪರೀಕ್ಷೆ ನಿಮಗೆ. ಆದ್ರೆ ಶನಿವಾರದಿಂದಲೇ ಕೇಳ್ತಾರೆ, ನಾಳೆ ಹುಡುಗಿ ಬರ್ತಾಳಾ ಅಂತ. ಭಾನುವಾರ ಅಕ್ಕ ಅಕ್ಕನ ಥರ ಇರ್ತಾರೆ.”

ಬಸ್ಸು ಬಂತು, ಹತ್ತಿದೆ.

೨೪-೧೧-೮೧

ಮನೇಲಿ ಇವರಿಗೆ ಹೇಳಿದೆ. ಗಿರಣಿಯಿಂದ ಬಂದು ಮೈ ಮೇಲಿನ ಹಿಟ್ಟು ಕೊಡವ್ತಿದ್ರು.

“ಆವಮ್ಮಂಗೇ ಗ್ಯಾನ ಇಲ್ದಂಗಾದ್ಮೇಲೆ ನಿಂಗೇನ್ ಕಲ್ಸಾದು? ಪರೀಕ್ಸೆ ಏಪ್ರಿಲ್‌ಗೆ ಕಣಮ್ಮಿ. ಇಲ್ಲೇ ಬಟ್ಟೆ ಅಂಗ್ಡಿ ಮ್ಯಾಲೆ ಟುಟೋರಿಯಲ್ ಅದೆ, ಅಲ್ಲಿಗೋಗು.”

ಕೆಟ್ಟ ಮಾತಲ್ಲ. ನಿಜವಾದ ಮಾತು. ಈ ಸಲವೂ ಫೇಲಾದ್ರೆ ಇನ್ನೊಂದು ಸಲ ಕೂರೋ ಧೈರ್ಯ ನನಗಿಲ್ಲ. ಪೇಟೆಯಲ್ಲಿ ಎಲ್ಲರಿಗೂ ಗೊತ್ತು ಬೆಟ್ಟಸ್ವಾಮಿ ಹೆಂಡತಿ ಪರೀಕ್ಷೆ ಕಟ್ಟಿದ್ದಾಳೆ ಅಂತ. ಅಂಗನವಾಡಿಗೆ ಮಕ್ಕಳನ್ನ ಬಿಡೋಕೆ ಬರೋ ತಾಯಂದಿರೂ ಕೇಳ್ತಾರೆ.

೯-೧೨-೮೧

ಟುಟೋರಿಯಲ್. ಎಲ್ಲ ಹುಡುಗರು, ನಾನೊಬ್ಬಳು ಹೆಂಗಸು. ಮೇಷ್ಟ್ರು ನಿಂಗರಾಜು, ಬಿ.ಎ., ನನಗಿಂತ ಚಿಕ್ಕವರು, ನನ್ನನ್ನೇ ಮೇಡಂ ಅಂತಾರೆ. ಒಂದು ಉಪಾಯ ಹೇಳಿಕೊಟ್ರು. ಪ್ಯಾಸೇಜು ಓದಲೇಬೇಡಿ. ಪ್ರಶ್ನೆಯಲ್ಲಿರೋ ಪದ ಪ್ಯಾಸೇಜಲ್ಲಿ ಎಲ್ಲಿದೆ ಹುಡುಕಿ. ಆ ಸಾಲು ಪೂರ್ತಿ ಇಳಿಸಿಬಿಡಿ. ಮಾರ್ಕ್ಸ್ ಗ್ಯಾರಂಟಿ.

ಮಾಡಿ ನೋಡಿದೆ. ಹೆಚ್ಚುಕಡಿಮೆ ಎಲ್ಲಾ ಸರಿ ಬಂತು. ಏನು ಓದಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

೩-೧-೮೨, ಭಾನುವಾರ

ಇವತ್ತೂ ಹೋಗಲಿಲ್ಲ. ನಂಜನಗೂಡಿನ ಬಸ್ಸು ಮನೆ ಮುಂದೇನೇ ಹೋಗುತ್ತೆ. ಹಾರ್ನ್ ಕೇಳಿಸ್ತು. ಕಾಳು ಹಸನು ಮಾಡ್ತಾ ಕೂತಿದ್ದೆ.

೧೦-೧-೮೨, ಭಾನುವಾರ

ಹೋದೆ. ಯಾಕೆ ಅಂತ ಇವರಿಗೂ ಹೇಳಲಿಲ್ಲ, ನನಗೂ ಸರಿಯಾಗಿ ಗೊತ್ತಿಲ್ಲ.

ಜಗಲಿ ಮೇಲೇ ಇದ್ರು. ಪಕ್ಕದಲ್ಲಿ ಪೆನ್ಸಿಲು. “ಬಾ” ಅಂದ್ರು, ನಿನ್ನೆ ನೋಡಿದವರ ಹಾಗೆ. ಚಂಪಕ ಅವರು ಆಮೇಲೆ ಹೇಳಿದ್ರು, ನಾನು ಬಾರದ ಭಾನುವಾರಗಳಲ್ಲೆಲ್ಲ ಊಟಕ್ಕೆ ಏಳ್ತಿರಲಿಲ್ಲವಂತೆ. ರೈಲು ಲೇಟು, ಮಗು ಬರುತ್ತೆ ಅಂತಿದ್ರಂತೆ.

ಪ್ಯಾಸೇಜು ಈ ಸಲ ನಾನೇ ತಗೊಂಡು ಹೋಗಿದ್ದೆ, ಟುಟೋರಿಯಲ್‌ದು. ಮುದುಕನೊಬ್ಬ ಮಾವಿನ ಗಿಡ ನೆಡೋ ಕಥೆ. ಮಿಸ್ ಕೈಗೆ ಕೊಟ್ಟೆ. ಓದಿದ್ರು. ಅಯ್ಯೋ ಆ ಓದು! ಅದೇ ಗಂಟಲು. ಕಾಮಾ ಬಂದಲ್ಲಿ ಉಸಿರು, ಫುಲ್‌ಸ್ಟಾಪಿಗೆ ನಿಂತು ನಮ್ಮ ಮುಖ ನೋಡೋದು. ಆ ಹೈಸ್ಕೂಲಿನ ಕಿಟಕಿ, ಹೊರಗಿನ ಬೇವಿನ ಮರ, ಬೆಂಚಿನ ಮೇಲೆ ಯಾರೋ ಕೆತ್ತಿದ್ದ ಹೆಸರು, ಎಲ್ಲಾ ಬಂದು ನಿಂತ್ಕೊಳ್ತು. ಒಂದೊಂದು ಪದಕ್ಕೂ ಅರ್ಥ ಹೇಳಿದ್ರು. ಎಲ್ಲೂ ತಡವರಿಸಲಿಲ್ಲ. ಇಂಗ್ಲಿಷು ಎಲ್ಲೂ ಹೋಗಿಲ್ಲ.

ಮೊದಲ ಪ್ರಶ್ನೆ ಓದಿದೆ. ಮುದುಕ ಹುಡುಗನಿಗೆ ಏನು ಹೇಳಿದ?

“ಯಾವ ಮುದುಕ?” ಅಂದ್ರು ಮಿಸ್.

ಮುಖ ನೋಡಿದೆ. ತಮಾಷೆ ಅಲ್ಲ. ಹೆದರಿಕೆ ಇತ್ತು ಆ ಕಣ್ಣಲ್ಲಿ. ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಮಕ್ಕಳಿಗೆ ಇರುತ್ತಲ್ಲ, ಹಾಗೆ. ಆ ಕಣ್ಣು ನನ್ನದಾಗಿತ್ತು ಒಂದು ಕಾಲದಲ್ಲಿ.

“ನನಗೂ ಮರೆತುಹೋಯ್ತು ಮಿಸ್,” ಅಂದೆ. “ಇನ್ನೊಂದು ಸಲ ಓದ್ತೀರಾ?”

“ಗಮನ ಇಡು” ಅಂತ ಬೈದು, ಮತ್ತೆ ಓದಿದ್ರು. ಮೊದಲ ಸಾಲಿಂದ.

ಉತ್ತರ ಬರೆದೆ. ಎರಡನೇ ಪ್ರಶ್ನೆ. ಮತ್ತೆ ಓದಿದ್ರು. ಮೂರನೇದಕ್ಕೂ ಹಾಗೇ. ಮಧ್ಯಾಹ್ನ ಆಗೋ ಹೊತ್ತಿಗೆ ಆ ಮುದುಕ ನನ್ನ ಸ್ವಂತ ತಾತ ಆಗಿಬಿಟ್ಟಿದ್ದ. ಅವನು ಹೇಳದೇ ಬಿಟ್ಟಿದ್ದೂ ಕೇಳಿಸ್ತಿತ್ತು.

೧೪-೨-೮೨, ಭಾನುವಾರ

ಪ್ರತಿ ಭಾನುವಾರ ಒಂದೇ ಪ್ಯಾಸೇಜು. ಪ್ರಶ್ನೆ ಎಷ್ಟೋ ಅಷ್ಟು ಸಲ ಓದು. ವಾರದ ದಿನ ಟುಟೋರಿಯಲ್ಲು. ಅಲ್ಲಿ ಹತ್ತು ಪ್ಯಾಸೇಜು ಮುಗಿಸ್ತಾರೆ. ಮನಸ್ಸಲ್ಲಿ ನಿಲ್ಲೋದು ಭಾನುವಾರದ್ದೇ.

ಇವತ್ತು ಮಿಸ್ ನನ್ನ ಹೆಸರು ಕರೆಯಲಿಲ್ಲ. ‘ಕವಲಂದೆ ಮಗು’ ಅಂದ್ರು. ಇರಲಿ. ಕವಲಂದೆ ಇದೆಯಲ್ಲ.

ಇವರು ಗಿರಣಿಯಲ್ಲಿ ಕೇಳಿದ್ರು, “ಇನ್ನೂ ಓಯ್ತಿದ್ದೀಯಾ?” ಹೂಂ ಅಂದೆ. ಒಂದು ಸೇರು ಹುರಿಗಡ್ಲೆ ಹಿಟ್ಟು ಕಟ್ಟಿ ಕೊಟ್ರು. “ಆವಮ್ಮಂಗೆ ಕೊಡು. ಅಲ್ಲಿಲ್ದೋರು ತಿನ್ಬೋದು.” ಮಿಸ್‌ಗೆ ಹಲ್ಲು ಎಲ್ಲಾ ಇವೆ. ಆದ್ರೂ ತಗೊಂಡೆ.

೪-೪-೮೨, ಭಾನುವಾರ

ಪರೀಕ್ಷೆಗೆ ಮುಂಚೆ ಕೊನೇ ಭಾನುವಾರ. ಓದೋವಾಗ ಮಿಸ್‌ಗೆ ಸುಸ್ತಾಯ್ತು. ಹಾಳೆ ನನ್ನ ಕೈಗೆ ಕೊಟ್ಟು, “ನೀನು ಓದು, ನಾನು ಕೇಳ್ತೀನಿ” ಅಂದ್ರು. ಓದಿದೆ. ಒಂದು ಕಡೆ ಉಚ್ಚಾರ ತಪ್ಪಿತು. ಕಣ್ಣು ಮುಚ್ಕೊಂಡೇ ತಿದ್ದಿದ್ರು. ಮುಗಿದ ಮೇಲೆ “ಚೆನ್ನಾಗಿದೆ ಕಥೆ. ಮುಂದೇನಾಯ್ತು?” ಅಂದ್ರು. ಮತ್ತೆ ಓದಿದೆ.

ಕಾಲು ಮುಟ್ಟಿ ನಮಸ್ಕಾರ ಮಾಡಿದೆ. “ಯಾಕೆ, ಎಲ್ಲಿಗೆ ಹೊರಟೆ?” ಅಂದ್ರು. ಪರೀಕ್ಷೆ ಮಿಸ್, ಅಂದೆ. “ಹಾಲ್ ಟಿಕೆಟ್ ಮರೀಬೇಡ.” ಗೇಟಿನ ತನಕ ಬಂದು ಇನ್ನೊಂದು ಸಲ ಅದನ್ನೇ ಹೇಳಿದ್ರು.

೭-೪-೮೨, ಬುಧವಾರ, ಮಧ್ಯಾಹ್ನ

ಇಂಗ್ಲಿಷು ಮುಗೀತು.

ಹಾಲಲ್ಲಿ ನನ್ನ ಮುಂದೆ ಕೂತಿದ್ದ ಹುಡುಗಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಜಾಸ್ತಿ ಇರಬಹುದು. ಹಾಲ್ ಟಿಕೆಟ್ ಇದೆಯಾ ಅಂತ ಮತ್ತೆ ಮತ್ತೆ ನೋಡ್ಕೊಂಡಿದ್ದು ನಾನು, ಅವಳಲ್ಲ. ಪ್ಯಾಸೇಜು: ಹೊಸ ಊರಿಗೆ ವರ್ಗವಾಗಿ ಬಂದ ಪೋಸ್ಟ್‌ಮನ್. ಪ್ರಶ್ನೆಯಲ್ಲಿದ್ದ ಪದ ಪ್ಯಾಸೇಜಲ್ಲಿ ಎಲ್ಲೂ ಇರಲಿಲ್ಲ. ನಿಂಗರಾಜು ಮೇಷ್ಟ್ರ ಉಪಾಯ ನಡೆಯಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟೆ. ಕಾಮಾಕ್ಕೆ ಉಸಿರು, ಫುಲ್‌ಸ್ಟಾಪಿಗೆ ನಿಂತು. ಪ್ರತಿ ಪ್ರಶ್ನೆಗೂ ಮೊದಲ ಸಾಲಿಂದ. ಒಳಗೆ ಕೇಳಿಸ್ತಿದ್ದ ಗಂಟಲು ನನ್ನದಲ್ಲ.

ಬರೆದಿದ್ದೀನಿ. ಯಾರನ್ನೂ ಕೊಂದಿಲ್ಲ ಅಂದ್ಕೊಳ್ತೀನಿ.

೧೯-೬-೮೨

ಎರಡು ತಿಂಗಳು ಈ ಡೈರಿ ಮುಟ್ಟಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ನೋವು, ಮಲಗಿದಲ್ಲೇ ಎಲ್ಲ. ಅವರ ಸೇವೆ, ಅಂಗನವಾಡಿ, ಮಕ್ಕಳ ರಜೆ. ನಂಜನಗೂಡಿಗೆ ಹೋಗೋಕೆ ಆಗಲಿಲ್ಲ. ಈಗ ಅತ್ತೆ ಎದ್ದು ಓಡಾಡ್ತಾರೆ.

ಇವತ್ತು ಮಾರ್ಕ್ಸ್ ಕಾರ್ಡು ಸಿಕ್ತು. ಪಾಸು. ಇಂಗ್ಲಿಷಲ್ಲಿ ೪೭.

ಇವರಿಗೆ ತೋರಿಸಿದೆ. ಇಂಗ್ಲಿಷು ಓದೋಕೆ ಬರಲ್ಲ, ಆದ್ರೂ ತುಂಬಾ ಹೊತ್ತು ನೋಡಿದ್ರು. ಗಿರಣಿ ನಿಲ್ಲಿಸಿ, ರಾಗಿ ಬೀಸಿಸೋಕೆ ಬಂದವರಿಗೆಲ್ಲ ಕಡ್ಲೆಮಿಠಾಯಿ ಹಂಚಿದ್ರು. “ನಾಳೆ ಬಾನ್ವಾರ. ಓಗಿ ಏಳ್ಬುಟ್ಟು ಬಾ. ಮಕ್ಕಳ್ನ ನಾ ನೋಡ್ಕತೀನಿ.”

೨೦-೬-೮೨, ಭಾನುವಾರ

ಜಗಲಿ ಖಾಲಿ. ಒಳಗೆ ಮಂಚದ ಮೇಲೆ ಕೂತಿದ್ರು. ಸಣ್ಣಗಾಗಿದ್ದಾರೆ. ಚಂಪಕ ಅವರು ತಲೆ ಬಾಚ್ತಿದ್ರು. “ಅಕ್ಕ, ಯಾರು ಬಂದಿದ್ದಾರೆ ನೋಡಿ.” ನೋಡಿದ್ರು. “ಬನ್ನಿ, ಕೂತ್ಕೊಳ್ಳಿ” ಅಂದ್ರು ನನಗೆ. ಬನ್ನಿ ಅಂದ್ರು. ಕವಲಂದೆಯೂ ಹೋಗಿತ್ತು.

ಮಾರ್ಕ್ಸ್ ಕಾರ್ಡು ಕೈಗೆ ಕೊಟ್ಟೆ.

ಕನ್ನಡಕ ಕೇಳಿದ್ರು. ಹಾಕ್ಕೊಂಡ್ರು. ಬೆನ್ನು ನೆಟ್ಟಗಾಯ್ತು. ಗಟ್ಟಿಯಾಗಿ ಓದಿದ್ರು, ನನ್ನ ಹೆಸರು, ಒಂದೊಂದೇ ಸಬ್ಜೆಕ್ಟು. ಇಂಗ್ಲಿಷ್ ಹತ್ತಿರ ನಿಂತ್ರು. ಕೆಳಗೆ ಪಾಸ್ ಅಂತ ಓದಿ ನನ್ನ ಕಡೆ ತಿರುಗಿದ್ರು. ಮುಖ ಬೆಳಗ್ತಿತ್ತು.

“ಪಾಸಾಗಿದ್ದಾಳೆ ನೋಡ್ರೀ. ಒಳ್ಳೇ ಹುಡುಗಿ ಇರಬೇಕು. ಯಾರು ಈಕೆ?”

“ನಿಮ್ಮ ಸ್ಟೂಡೆಂಟ್ ಮಿಸ್.”

“ಹೌದಾ,” ಅಂದ್ರು. “ನನ್ನ ಸ್ಟೂಡೆಂಟಾ.” ಆ ಕಾಗದದ ಮೇಲೆ ಬೆರಳಲ್ಲೇ ಒಂದು ರೈಟ್ ಮಾರ್ಕು ಹಾಕಿದ್ರು.

ಸ್ವಲ್ಪ ಹೊತ್ತು ಕಿಟಕಿ ನೋಡ್ತಾ ಕೂತಿದ್ರು. ಆಮೇಲೆ ಕೈಯಲ್ಲಿದ್ದ ಕಾರ್ಡು ಕಣ್ಣಿಗೆ ಬಿತ್ತು. ಏನಿದು ಅಂತ ಮತ್ತೆ ಓದಿದ್ರು. ಮತ್ತೆ ಅಷ್ಟೇ ಸಂತೋಷ. “ಪಾಸಾಗಿದ್ದಾಳೆ ನೋಡ್ರೀ.” ಚಂಪಕ ಅವರು ಸೆರಗು ಬಾಯಿಗೆ ಹಿಡ್ಕೊಂಡು ಒಳಗೆ ಹೋದ್ರು. ನನಗೆ ಅಳು ಬರಲಿಲ್ಲ. ನಾನು ಒಂದು ಸಲ ಪಾಸಾಗಿದ್ದೆ ಅಷ್ಟೇ. ಮಿಸ್ ಮನೇಲಿ ಎಷ್ಟು ಸಲ ಪಾಸಾದೆನೋ.

ಬಸ್ಸಿಗೆ ಟೈಮಾಗಿತ್ತು. ಕಾರ್ಡು ಇಸ್ಕೊಳ್ಳೋಕೆ ಅಂತ ಕೈ ಚಾಚಿದೆ. ಮಿಸ್ ಆಗಲೇ ಕನ್ನಡಕ ಸರಿ ಮಾಡ್ಕೊಂಡು, ಗಂಟಲು ಸರಿ ಮಾಡ್ಕೊಂಡು, ಮೊದಲ ಸಾಲು ಶುರು ಮಾಡಿದ್ರು. ಕೈ ವಾಪಸ್ ತಗೊಂಡೆ. ಮಂಚದ ಪಕ್ಕ ನೆಲದ ಮೇಲೆ ಕೂತೆ. ಮುಂದಿನ ಬಸ್ಸಿಗೆ ಹೋದ್ರಾಯ್ತು.