ಅಣ್ಣನ ಕಾರಿನ ಬಾಗಿಲಾ

ಸಿದ್ದರಾಮ,

ನಾ ಹೊಂಬಳಕ್ಕ ಅಕ್ಕನ ಮನಿಗೆ ಹೊಂಟೇನಿ. ನಿಮ್ಮಣ್ಣನ ಕಾರು ಬಿಚ್ಚಿ ಮಾರಿದ್ರಾಗ ಡ್ರೈವರ್ ಕಡೆ ಬಾಗಿಲಾ ಒಂದ ಉಳದೈತಿ. ಇವತ್ತ ಬಿಚ್ಚಿಸಿ ಮುಂಡರಗಿ ಗ್ಯಾರೇಜಿಗೆ ಕಳಿಸಿಬಿಡು.

ಮತ್ತ ಪಾರ್ಸಲ್ ಆಫೀಸಿಗೆ ಹೊತ್ಕೊಂಡು ಹೋಗಬ್ಯಾಡ. ಅವ್ರು ತೂಕ ನೋಡಂಗಿಲ್ಲ, ಹಿಡಿಯೂ ಜಾಗಾಕ್ಕ ಬಾಡಗಿ ಕೇಳತಾರ. ಬಾನೆಟ್ ಕಳಿಸಿದಾಗ ಬುದ್ಧಿ ಬರಲಿಲ್ಲೇನು?

ಹತ್ತಿ ಇಳಿಸಿ ಖಾಲಿ ಹೊಳ್ಳಿ ಹೋಗೂ ಮುಂಡರಗಿ ಲಾರಿ ಮಾರ್ಕೆಟ್ಟಿನ್ಯಾಗ ಸಿಗತಾವ. ಡ್ರೈವರಗ ಚಹಾ ಕುಡಿಸಿ ಕೇಳು, ಸೋವಿಯೊಳಗ ಒಯ್ತಾನ.

ಮಗ್ಗಕ್ಕ ಹಾಸಿನ ನೂಲು ಸುತ್ತಿದಂಗ ಹಳೇ ಕೌದಿ ಬಿಗಿಯಾಗಿ ಸುತ್ತು. ಗಾಜು ಒಡದೀತು.

ನಾ ಬರೂದ್ರಾಗ ಅದು ಮನ್ಯಾಗ ಇರಬಾರದು. ನಿನ್ನೆ ನೀ ಅದನ್ನ ಧಡ್ ಅಂತ ಹಾಕಿದಿ ನೋಡು, ನಿಮ್ಮಣ್ಣನ್ನ ಮಣ್ಣು ಮಾಡಿ ಬಂದದ್ದು ಮರತು, ಅವನ ತಾಟಿಗೂ ರೊಟ್ಟಿ ಹಾಕಿಬಿಟ್ಟಿದ್ದೆ.

ಅವ್ವ