ಇಂಗಿನ ಹಪ್ಪಳ ಮತ್ತು ತವರೆಣ್ಣೆ

ಹಾಸಗಲ್ಲು, ಕಾಗಿಣಾ ನದಿಯ ದಂಡೆ
ಮೇ ೩೮, ೨೧೮೯

ನೂರಕ್ಕೂ ಹೆಚ್ಚು ವರ್ಷ ಹಿಂದೆ ಬಾಳುತ್ತಿರುವ, ಇನ್ನೂ ಮೂವತ್ತು ದಾಟದ ನನ್ನ ಹಿರಿಯರಿಗೆ, ಎಪ್ಪತ್ತಾರು ತುಂಬಿದ ನಿಮ್ಮ ಕಿರಿಯಳು ಕಾಶಿಬಾಯಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಮೊದಲ ಮಳೆ ಬೀಳುವವರೆಗೆ ಮೇ ತಿಂಗಳು ಮುಗಿಯುವುದಿಲ್ಲ. ಸುಡುವ ಬಿಸಿಲಿನ ದಿನವನ್ನು ಜೂನ್ ಎಂದು ಕರೆಯಲು ನಮಗೆ ಮನಸ್ಸು ಬಾರದು. ಹೋದ ವರ್ಷ ಮೇ ನಲವತ್ತೊಂದರವರೆಗೆ ಎಳೆದಿತ್ತು, ಅಷ್ಟು ಬಿಸಿಲು ಸಿಕ್ಕ ಸಂತೋಷಕ್ಕೆ ಮನೆಮನೆಯಲ್ಲೂ ಹೋಳಿಗೆ ಮಾಡಿದ್ದೆವು. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಅವು ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಾಲದಲ್ಲಿ ಕಲಬುರಗಿ ಕಡೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗುತ್ತಿದ್ದರಂತೆ. ಆ ಕಡುಬೇಸಿಗೆಯೇ ಈಗ ನಮ್ಮ ಬೆಳೆ. ಪ್ರತಿ ಮನೆಯ ಮಾಳಿಗೆಯ ಮೇಲೂ ಬಿಸಿಲುತಟ್ಟೆಗಳಿವೆ. ಒಂದಾಳುದ್ದದ ತಟ್ಟೆ, ತಳಕ್ಕೆ ಬಳಿದ ಬೂದು ಬಣ್ಣದ ಪುಡಿ, ಮೇಲೊಂದು ಗಾಜಿನ ಮುಚ್ಚಳ. ಊರ ಹೊರಗಿನ ಗಾಳಿಜರಡಿ ಎಂಬ ಯಂತ್ರ ಗಾಳಿಯನ್ನು ಸೋಸಿ, ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕೊಳವೆಗಳಲ್ಲಿ ಮನೆಮನೆಗೆ ಕಳಿಸುತ್ತದೆ. ಅದು ನೀರಿನ ಹಬೆಯ ಜೊತೆ ಪುಡಿಯ ಮೇಲೆ ಹಾಯುವಾಗ ಚೆನ್ನಾಗಿ ಬಿಸಿಲು ಬಿದ್ದರೆ, ಸಂಜೆಗೆ ಕೆಳಗಿನ ಪಾತ್ರೆಯಲ್ಲಿ ಎಣ್ಣೆ ಕೂಡಿರುತ್ತದೆ. ಇದೇ ಬಿಸಿಲೆಣ್ಣೆ. ಉರಿಸಿದರೆ ಇಂಗಾಲ ಗಾಳಿಗೆ ಮರಳುತ್ತದೆ, ಜರಡಿ ಮತ್ತೆ ಹಿಡಿಯುತ್ತದೆ. ಆ ಪುಡಿಗೆ ನಿಮ್ಮ ಪುಸ್ತಕಗಳಲ್ಲಿ ವೇಗವರ್ಧಕ ಎಂಬ ಹೆಸರಿದೆ. ನಾವು ಸೂಲಗಿತ್ತಿ ಎನ್ನುತ್ತೇವೆ. ಹೆರುವವಳು ಅವಳಲ್ಲ, ಹೆರಿಗೆ ಮಾಡಿಸಿ, ಬಂದ ಹಾಗೆಯೇ ಮನೆಗೆ ಹೋಗುವವಳು.

ನಮ್ಮ ಒಲೆ, ಬಂಡಿ, ಗಿರಣಿ ಎಲ್ಲವೂ ಕರೆಂಟಿನ ಮೇಲೆ ನಡೆಯುತ್ತವೆ. ಎಣ್ಣೆ ಬೇಕಾಗುವುದು ಮುಖ್ಯವಾಗಿ ಸಮುದ್ರ ದಾಟುವ ವಿಮಾನಗಳಿಗೆ. ಅಷ್ಟು ದೂರಕ್ಕೆ ಬ್ಯಾಟರಿ ಹೊತ್ತರೆ ಬ್ಯಾಟರಿಯ ಭಾರಕ್ಕೇ ಶಕ್ತಿ ಸಾಲದು. ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಮನೆಯ ಮಗು ಮೊದಲ ಸಲ ಒಂಟಿಯಾಗಿ ವಿಮಾನ ಹಾರಿಸಿ ಸಮುದ್ರ ದಾಟುವಾಗ ಹನ್ನೆರಡು ಕೊಡ ಎಣ್ಣೆ ತವರಿನದಾಗಿರಬೇಕು, ತಟ್ಟೆಗೆ ಪುಡಿ ಬಳಿದದ್ದು ಅದೇ ಮಗುವಿನ ಕೈಯಾಗಿರಬೇಕು. ಇದು ತವರೆಣ್ಣೆ. ಈ ಬೇಸಿಗೆ ನನ್ನ ಮಗಳ ಮಗಳು ಇರಾವತಿಯ ಸರದಿ. ಲಕ್ಷದ್ವೀಪಕ್ಕೆ ಔಷಧಿ ಒಯ್ಯುವ ಪುಟ್ಟ ವಿಮಾನ ಅವಳದು. ಯುಗಾದಿಗೇ ಬಂದು ಮಾಳಿಗೆ ಹತ್ತಿ, ನಾಲ್ಕು ದಿನ ಕೂತು ಪುಡಿ ಬಳಿದಳು. ರಂಗೋಲಿ ಹಾಕುವಾಗಲೂ ಇಷ್ಟು ತಾಳ್ಮೆ ತೋರಿದ ಹುಡುಗಿಯಲ್ಲ.

ಏಳು ಕೊಡ ತುಂಬುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ನಾನು ಹಪ್ಪಳ ಮಾಡಿದೆ.

ನಮ್ಮ ಬಿಸಿಲು ಎಣ್ಣೆಗೆ ಎಷ್ಟು ಒಳ್ಳೆಯದೋ ಹಪ್ಪಳಕ್ಕೂ ಅಷ್ಟೇ ಒಳ್ಳೆಯದು. ಆದರೆ ಕಾಗೆಗಳು ನಿಮ್ಮ ಕಾಲದಿಂದ ಒಂದಿಷ್ಟೂ ಸುಧಾರಿಸಿಲ್ಲ. ಗಾಜಿನ ಮುಚ್ಚಳ, ಕೆಳಗೆ ಹೆಂಚಿನಂತೆ ಕಾದ ತಟ್ಟೆ, ಕಾಗೆಯ ಕಾಟವಿಲ್ಲ, ಧೂಳಿಲ್ಲ. ಇರಾವತಿ ಮನೆಯಲ್ಲಿರಲಿಲ್ಲ, ಒಂದೇ ಮಧ್ಯಾಹ್ನ ತಾನೇ ಎಂದು ತಟ್ಟೆಗಳ ಮುಚ್ಚಳ ತೆಗೆದು, ಬಟ್ಟೆ ಹಾಸಿ, ಎಂಬತ್ತು ಉದ್ದಿನ ಹಪ್ಪಳ ಹರವಿ ಮತ್ತೆ ಮುಚ್ಚಿದೆ. ಹಿಟ್ಟಿಗೆ ಇಂಗು ಧಾರಾಳವಾಗಿಯೇ ಹಾಕಿದ್ದೆ. ಇಂಗಿನಲ್ಲಿ ಗಂಧಕವಿದೆ, ಗಂಧಕದ ಗಾಳಿ ತಾಕಿದರೆ ಸೂಲಗಿತ್ತಿ ಕೈಕಾಲು ಬಿದ್ದವಳಂತೆ ಮಲಗಿಬಿಡುತ್ತಾಳೆ. ಇದು ನನಗೆ ತಿಳಿಯದ ವಿಷಯವಲ್ಲ. ನಲವತ್ತು ವರ್ಷ ತಟ್ಟೆಗಳನ್ನು ಪರೀಕ್ಷಿಸಲು ಊರ ಮಾಳಿಗೆಗಳನ್ನೆಲ್ಲ ಹತ್ತಿಳಿದು, ತಟ್ಟೆಯ ಹತ್ತಿರ ಉಳ್ಳಾಗಡ್ಡಿ ಕೂಡ ಇಡಬೇಡಿರೇ ಎಂದು ಬೈದವಳು ನಾನೇ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಮರುದಿನ ಪಾತ್ರೆಯಲ್ಲಿ ಎಣ್ಣೆ ಅರ್ಧಕ್ಕಿಳಿಯಿತು, ಅದರ ಮರುದಿನ ತಳ ಕಂಡಿತು. ಇರಾವತಿ ಇಲ್ಲದ ಹೊತ್ತು ನೋಡಿ ಮುಚ್ಚಳ ಎತ್ತಿ ಮೂಸಿದೆ. ಗೊತ್ತಿದ್ದವರ ಮೂಗಿಗಷ್ಟೇ ಸಿಗುವಷ್ಟು ಇಂಗಿನ ವಾಸನೆ ಇನ್ನೂ ಉಳಿದಿತ್ತು. ಆಗಲೇ ಹೇಳಬೇಕಿತ್ತು. ನಾಚಿಕೆಯಾಯಿತು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿಗೆ ತನ್ನ ತಪ್ಪು ಹೇಳಲು ಬರಲಿಲ್ಲ. ಹುಡುಗಿ ಕೊಳವೆ ಬಿಚ್ಚಿ ತೊಳೆದಳು, ಹಬೆ ಹೆಚ್ಚಿಸಿದಳು, ಗಾಜು ಒರೆಸಿದಳು. ನಾನು ಕೆಳಗೆ ಕೂತು ಅವಳಿಗೆ ಮಜ್ಜಿಗೆ ಮಾಡಿಕೊಡುತ್ತ, ಇಂದು ಹೇಳೋಣ, ನಾಳೆ ಹೇಳೋಣ ಎಂದು ದಿನ ನೂಕಿದೆ. ಒಂಬತ್ತನೆಯ ದಿನ ಅವಳು ಮಾಳಿಗೆಯಿಂದ ಇಳಿದು ಬಂದು ಕುಂಚವನ್ನು ನನ್ನ ಮುಂದಿಟ್ಟಳು.

“ನನ್ನ ಕೈಗುಣಾನೇ ಸರಿ ಇಲ್ಲ ಆಯಿ. ತಟ್ಟಿಗಿ ಪುಡಿ ಬಳಿಲಿಕ್ಕ ಬರದಾಕಿ ಇಮಾನ ಏನ್ ಹಾರಸ್ತೀನಿ? ನಾ ಬರೂದಿಲ್ಲಂತ ಬರದು ಕಳಸ್ತೀನಿ.”

ಆರು ವರ್ಷ ಕಲಿತ ಹುಡುಗಿ ನನ್ನ ಎಂಬತ್ತು ಹಪ್ಪಳದ ಸಲುವಾಗಿ ಆಕಾಶವನ್ನೇ ಬಿಟ್ಟುಕೊಡಲು ಹೊರಟಿದ್ದಳು.

“ಪುಡಿ ಕೆಡಿಸಿದಾಕಿ ನಾನವ್ವ,” ಎಂದೆ. “ಗಾಜಿನ ಕೆಳಗ ಇಂಗಿನ ಹಪ್ಪಳ ಒಣಗ್ಹಾಕಿದ್ದೆ.”

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕುಂಚವನ್ನು ಮತ್ತೆ ಕೈಗೆತ್ತಿಕೊಂಡು, “ಒಂಬತ್ತ್ ದಿನ ಆಯಿ,” ಎಂದಳು. “ಒಂಬತ್ತ್ ದಿನ ನಾ ನನ್ನ ಕೈ ನೋಡ್ಕೋತ ಕೂತೀನಿ.” ಆ ಮಾತು ಈಗಲೂ ಚುಚ್ಚುತ್ತದೆ.

ಮಲಗಿದ ಸೂಲಗಿತ್ತಿಯನ್ನು ಎಬ್ಬಿಸಲು ಕಾರ್ಖಾನೆಯಲ್ಲಿ ಹದಿನೈದು ದಿನ ಹುರಿಯಬೇಕು. ಹಾರಾಟಕ್ಕೆ ಉಳಿದದ್ದು ಮೂರು ದಿನ. ನಾನೇ ಓಣಿಯ ಮನೆಮನೆಗೆ ಹೋಗಿ ನನ್ನ ತಪ್ಪು ಹೇಳಿಕೊಂಡೆ. ನಲವತ್ತು ವರ್ಷ ನನ್ನಿಂದ ಬೈಸಿಕೊಂಡವರು ಆ ದಿನ ಎಷ್ಟು ನಕ್ಕರೆಂದರೆ, ಅದನ್ನು ನೋಡಲಾದರೂ ಇನ್ನೊಂದು ತಟ್ಟೆ ಕೆಡಿಸಬಹುದಿತ್ತು. ನಗು ಮುಗಿದ ಮೇಲೆ ಹಿರಿಯರು, ಬೇರೆ ಮಾಳಿಗೆಯ ಎಣ್ಣೆ ತವರೆಣ್ಣೆ ಆದೀತೇ ಎಂದು ಜಿಜ್ಞಾಸೆಗೆ ಕೂತರು. ಪಕ್ಕದ ಮನೆಯ ಹುಸೇನಬಿ ತನ್ನ ಕೊಡ ಎತ್ತಿಕೊಂಡೇ ಬಂದು ಕೇಳಿದಳು: “ಓಣಿ ಅಂದ್ರ ತವರಲ್ಲೇನು?” ಹಿರಿಯರು ಎದ್ದು ತಂತಮ್ಮ ಮನೆಯ ತಂಬಿಗೆ ಹುಡುಕಲು ಹೋದರು.

ಇಂದು ಬೆಳಿಗ್ಗೆ ಉಳಿದ ಐದು ಕೊಡವನ್ನು ಇಪ್ಪತ್ತಾರು ಮನೆಯವರು ತಂಬಿಗೆ ತಂಬಿಗೆಯಾಗಿ ತಂದು ತುಂಬಿದರು. ಹೆಂಗಸರು ವಿಮಾನದ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಮಗಳಿಗೆ ತುಂಬುವಂತೆಯೇ ಅದಕ್ಕೂ ಉಡಿ ತುಂಬಿದರು. ಇರಾವತಿ ಏರುವ ಮುಂಚೆ ನನ್ನ ಕಾಲು ಮುಟ್ಟಿ, ಆ ಹಪ್ಪಳ ಇನ್ನೂ ಉಳಿದಿವೆಯೇ ಎಂದು ಕೇಳಿ, ಒಂದು ಡಬ್ಬಿ ಕಟ್ಟಿಸಿಕೊಂಡಳು. ಮಧ್ಯಾಹ್ನ ಕ್ಷೇಮವಾಗಿ ಇಳಿದ ಸುದ್ದಿ ಬಂತು. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ನಾಳೆ ಜೂನ್ ಒಂದು ಆದರೂ ಆಗಬಹುದು.

ನಿಮ್ಮಲ್ಲಿ ಕೆಲವರು ಈಗ ತಾನೇ ಗಾಜಿನ ನಳಿಗೆಗಳಲ್ಲಿ ಇಂಥ ಪುಡಿಗಳನ್ನು ಪಳಗಿಸುತ್ತಿದ್ದೀರಿ. ಬೆಳಿಗ್ಗೆ ಕೆಲಸ ಮಾಡಿದ ಪುಡಿ ಸಂಜೆಗೆ ಸತ್ತಿರುತ್ತದೆ, ಕಾರಣ ತಿಳಿಯದೆ ತಲೆ ಕೆಡಿಸಿಕೊಂಡಿರುತ್ತೀರಿ. ಎದೆಗುಂದಬೇಡಿ. ನಿಮ್ಮ ಆ ಹನಿಗಳೇ ನಮ್ಮ ಕೊಡಗಳಾಗಿವೆ. ನನ್ನದೊಂದೇ ಕೋರಿಕೆ. ಪುಡಿ ಕೆಟ್ಟದ್ದು ನಿಮ್ಮ ಕೈಯಿಂದ ಎಂದು ಗೊತ್ತಾದರೆ, ಎಷ್ಟೇ ನಾಚಿಕೆಯಾದರೂ ಅಂದೇ ಹೇಳಿಬಿಡಿ. ಪಕ್ಕದಲ್ಲಿ ಕೂತ ಹುಡುಗಿ ತನ್ನ ಕೈಯನ್ನು ತಾನೇ ನೋಡಿಕೊಳ್ಳಲು ಶುರುಮಾಡುವ ಮೊದಲೇ ಹೇಳಿ.

ನಿಮ್ಮ,
ಕಾಶಿಬಾಯಿ